ಹೊಸೂರಿಂದ ಕಬ್ಬನ್ ಪಾರ್ಕಿಗೆ ಮಕ್ಕಳನ್ನ ಆಟಕ್ಕೆ ಕರ್ಕೊಂಡ್ ಹೋಗೋರಿಗೆ

ರಜಾ ಬಂತು ಅಂದ್ರೆ ನಮ್ ಹೊಸೂರು, ಬಾಗಲೂರು, ತಳಿ ಕಡೆಯಿಂದ ಎಷ್ಟೋ ಜನ ಮಕ್ಕಳನ್ನ ಕಟ್ಕೊಂಡು ಬೆಂಗಳೂರಿಗೆ ಹೊರಡ್ತಾರೆ. ಎಲ್ಲಿಗೆ ಹೋಗೋದು ಅಂತ ಯಾರಾದ್ರೂ ಕೇಳಿದ್ರೆ ನಾನು ಮಾಲ್ ಬಿಡಿ, ಕಬ್ಬನ್ ಪಾರ್ಕಿಗೆ ಹೋಗಿ ಅಂತೀನಿ. 1870ರಲ್ಲಿ ಶುರುವಾದ ಪಾರ್ಕು, ಊರ ಮಧ್ಯದಲ್ಲೇ ಅಷ್ಟು ದೊಡ್ಡ ಮರಗಳ ನೆರಳು, ಒಳಗಡೆ ಜವಾಹರ್ ಬಾಲಭವನ, ಅಲ್ಲಿ ಉಯ್ಯಾಲೆ, ಜಾರುಬಂಡೆ, ಪುಟಾಣಿ ರೈಲು ಎಲ್ಲಾ ಇದೆ. ಆದ್ರೆ ಹೋಗಿ ಮಕ್ಕಳನ್ನ ಬಿಟ್ಬಿಟ್ಟು ನೆರಳಲ್ಲಿ ಮೊಬೈಲ್ ಹಿಡ್ಕೊಂಡು ಕೂತ್ಕೊಳ್ಳೋ ಮುಂಚೆ ಕೆಲವು ವಿಷ್ಯ ತಿಳ್ಕೊಂಡಿರ್ಬೇಕು, ಅದಕ್ಕೇ ಇದನ್ನ ಬರೀತಿರೋದು.

ಮೊದ್ಲು ದಾರಿ. 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೋ ಬಂದ್ಮೇಲೆ ನಮಗೆ ತುಂಬಾ ಸುಲಭ ಆಗಿದೆ. ಹೊಸೂರಲ್ಲಿ ಬಸ್ ಹತ್ತಿ ಅತ್ತಿಬೆಲೆ, ಚಂದಾಪುರ ದಾಟಿ ಬೊಮ್ಮಸಂದ್ರದಲ್ಲಿ ಇಳ್ಕೊಳ್ಳಿ, ಅಲ್ಲಿಂದ ಮೆಟ್ರೋದಲ್ಲಿ ಆರ್.ವಿ. ರೋಡ್, ಅಲ್ಲಿ ಹಸಿರು ಲೈನ್‌ಗೆ ಬದಲಾಯಿಸಿ ಮೆಜೆಸ್ಟಿಕ್, ಮೆಜೆಸ್ಟಿಕ್‌ನಲ್ಲಿ ನೇರಳೆ ಲೈನ್ ಹಿಡಿದ್ರೆ ಮೂರನೇ ಸ್ಟೇಷನ್ನೇ ಕಬ್ಬನ್ ಪಾರ್ಕ್. ಎರಡು ಕಡೆ ಬದಲಾಯಿಸ್ಬೇಕು ನಿಜ, ಆದ್ರೂ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಮಗು ವಾಂತಿ ಮಾಡ್ಕೊಳ್ಳೋದು ತಪ್ಪುತ್ತೆ. 3 ಅಡಿಗಿಂತ ಕುಳ್ಳಗಿರೋ ಮಕ್ಕಳಿಗೆ ಮೆಟ್ರೋದಲ್ಲಿ ಟಿಕೆಟ್ ಬೇಡ. ಸ್ಟೇಷನ್‌ನಿಂದ ಬಾಲಭವನಕ್ಕೆ ಸ್ವಲ್ಪ ನಡೀಬೇಕು, ಕಸ್ತೂರಬಾ ರಸ್ತೆ ಕಡೆ ಅಂತ ಕೇಳ್ಕೊಂಡು ಹೋಗಿ. ಭಾನುವಾರ ಪಾರ್ಕ್ ಒಳಗಿನ ರಸ್ತೆಗೆ ವಾಹನ ಬಿಡಲ್ಲ, ಹಾಗಾಗಿ ಮಕ್ಕಳು ಕೈ ಬಿಡಿಸ್ಕೊಂಡು ಓಡಿದ್ರೂ ಅಷ್ಟು ಭಯ ಇಲ್ಲ, ಆದ್ರೆ ಜನ ಜಾಸ್ತಿ. ಸೋಮವಾರ ಮಾತ್ರ ಹೋಗ್ಬೇಡಿ, ಬಾಲಭವನಕ್ಕೆ ರಜಾ. ಇನ್ನೊಂದು, ಪುಟಾಣಿ ರೈಲು ಹತ್ತಿಸ್ತೀನಿ ಅಂತ ಮನೇಲೇ ಮಾತು ಕೊಟ್ಬಿಡ್ಬೇಡಿ, ರಿಪೇರಿ ಅಂತ ನಿಂತಿದ್ರೆ ಗೇಟ್ ಹತ್ರಾನೇ ಅಳು ಶುರುವಾಗುತ್ತೆ.

ಈಗ ಮುಖ್ಯ ವಿಷ್ಯಕ್ಕೆ ಬರ್ತೀನಿ. ಇದು ಕಬ್ಬನ್ ಪಾರ್ಕಿಗೆ ಮಾತ್ರ ಅಲ್ಲ, ಲಾಲ್‌ಬಾಗ್‌ಗೂ ಸರಿ, ನಮ್ಮೂರ ಕೆರೆ ಪಕ್ಕದ ಪಾರ್ಕಿಗೂ ಸರಿ. ಆಟದ ಜಾಗಕ್ಕೆ ಹೋದ ತಕ್ಷಣ ನಾವೆಲ್ಲಾ ನೋಡೋದು ಜಾರುಬಂಡೆ ಎಷ್ಟು ಎತ್ತರ ಇದೆ, ಹೊಸ ಬಣ್ಣ ಹೊಡ್ದಿದಾರಾ ಅಂತ. ಅದಕ್ಕಿಂತ ಮುಂಚೆ ಅದರ ಕೆಳಗಿನ ನೆಲ ನೋಡಿ. ಆಟದ ಮೈದಾನದಲ್ಲಿ ಮಕ್ಕಳಿಗೆ ಏಟಾಗೋದು ಹೆಚ್ಚಾಗಿ ಬೀಳೋದ್ರಿಂದ, ಬಿದ್ದಾಗ ಏಟು ಎಷ್ಟು ಜೋರು ಅನ್ನೋದು ಕೆಳಗೆ ಏನಿದೆ ಅನ್ನೋದ್ರ ಮೇಲೆ ಹೋಗುತ್ತೆ. ಸಿಮೆಂಟು, ಟೈಲ್ಸ್, ಗಟ್ಟಿ ಮಣ್ಣು ಇದ್ರೆ ಅಲ್ಲಿ ಎತ್ತರದ್ದು ಏನೂ ಹತ್ತಿಸ್ಬೇಡಿ. ಸಡಿಲ ಮರಳೋ ಮರದ ಚೂರೋ ಒಂದಡಿ ಆಳ ಇದ್ರೆ ಒಳ್ಳೇದು, ರಬ್ಬರ್ ಹಾಸಿದ್ರೂ ಸರಿ, ಆದ್ರೆ ಅಂಚು ಎದ್ದಿದ್ಯಾ ನೋಡಿ. ಹುಲ್ಲು ನೋಡೋಕೆ ಮೆತ್ತಗೆ ಕಾಣುತ್ತೆ, ಮಕ್ಕಳ ಕಾಲು ತುಳಿದು ತುಳಿದು ಅದೂ ಕಲ್ಲಾಗಿರುತ್ತೆ. ಮರಳಿದ್ರೂ ಮೋಸ ಹೋಗ್ಬೇಡಿ. ಉಯ್ಯಾಲೆ ಕೆಳಗೆ, ಜಾರುಬಂಡೆ ಇಳಿಯೋ ಬಾಯಲ್ಲಿ ಮಕ್ಕಳ ಕಾಲಿಗೆ ಮರಳೆಲ್ಲಾ ಪಕ್ಕಕ್ಕೆ ಸರಿದು ಗುಂಡಿ ಬಿದ್ದಿರುತ್ತೆ, ಅಂದ್ರೆ ಬೀಳೋ ಜಾಗದಲ್ಲೇ ಮರಳು ಇರಲ್ಲ! ಬಗ್ಗಿ ನೋಡಿದ್ರೆ ಕಂಬ ನಿಲ್ಸಿರೋ ಕಾಂಕ್ರೀಟ್ ಗಡ್ಡೆ ಮೇಲೆ ಎದ್ದು ಕಾಣ್ತಿರುತ್ತೆ. ಕಾಲಲ್ಲೇ ಪಕ್ಕದ ಮರಳು ಎಳ್ದು ತುಂಬಿಸ್ಬಿಡಿ, ಒಂದ್ನಿಮಿಷದ ಕೆಲಸ, ನಿಮ್ ಮಗು ಆದ್ಮೇಲೆ ಬರೋ ಮಕ್ಕಳಿಗೂ ಆಗುತ್ತೆ.

ಜಾರುಬಂಡೆ ಕಬ್ಬಿಣದ್ದೋ ಸ್ಟೀಲ್‌ದೋ ಆಗಿದ್ರೆ ಕೈ ಹಿಂಭಾಗ ಇಟ್ಟು ನೋಡಿ, ನಿಮಗೆ ಇಡಕ್ಕಾಗ್ಲಿಲ್ಲ ಅಂದ್ರೆ ಮಗೂನ ಕೂರಿಸ್ಬೇಡಿ. ಪ್ಲಾಸ್ಟಿಕ್ಕೂ ಬಿಸಿಲಲ್ಲಿ ಸುಡುತ್ತೆ. ಎಳೆ ಚರ್ಮಕ್ಕೆ ನಮ್ಮದಕ್ಕಿಂತ ಬೇಗ ಬೊಬ್ಬೆ ಬರುತ್ತೆ, ಚಡ್ಡಿ ಹಾಕಿರೋ ಮಕ್ಕಳ ತೊಡೆ ಹಿಂದೆ ಆಮೇಲೆ ಕೆಂಪಾಗಿರೋದು ಸ್ನಾನ ಮಾಡಿಸೋವಾಗ್ಲೇ ಗೊತ್ತಾಗೋದು.

ಇನ್ನೊಂದು ತುಂಬಾ ಜನಕ್ಕೆ ಗೊತ್ತಿಲ್ಲ, ದಯವಿಟ್ಟು ಗಮನ ಇಟ್ಟು ಓದಿ. ಚಿಕ್ಕ ಮಗು ಭಯ ಪಡುತ್ತೆ ಅಂತ ಅಪ್ಪನೋ ಅಜ್ಜಿನೋ ತೊಡೆ ಮೇಲೆ ಕೂರಿಸ್ಕೊಂಡು ಜಾರ್ತಾರಲ್ಲ, ಅದ್ರಲ್ಲೇ ಕಾಲು ಮುರಿಯೋದು. ಮಗುವಿನ ಶೂ ಜಾರುಬಂಡೆ ಅಂಚಿಗೋ ಮೇಲ್ಮೈಗೋ ಹಿಡ್ಕೊಂಡು ಅಲ್ಲೇ ನಿಂತ್ಬಿಡುತ್ತೆ, ಹಿಂದಿಂದ ದೊಡ್ಡವರ ಭಾರ ಎಲ್ಲಾ ಕೆಳಗೆ ಎಳೀತಿರುತ್ತೆ, ಮೊಣಕಾಲು ಕೆಳಗಿನ ಮೂಳೆ ತಿರುಚಿ ಬಿರುಕು ಬಿಡುತ್ತೆ. ಒಂದೇ ಜಾರ್ತಿದ್ರೆ ಕಾಲು ಸಿಕ್ಕಿದ್ರೂ ಮಗು ನಿಧಾನ ಆಗಿ ನಿಂತ್ಬಿಡುತ್ತೆ ಅಷ್ಟೇ. ಹಾಗಾಗಿ ಭಯ ಇರೋ ಮಗೂಗೆ ಚಿಕ್ಕ ಜಾರುಬಂಡೆ ಹುಡ್ಕಿ, ನೀವು ಪಕ್ಕದಲ್ಲಿ ನಿಂತು ಕೈ ಹಿಡ್ಕೊಳ್ಳಿ, ಅದೂ ಬೇಡ ಅಂದ್ರೆ ಇನ್ನಾರು ತಿಂಗಳು ಬಿಟ್ಟು ಹತ್ತಿಸಿದ್ರಾಯ್ತು.

ಕತ್ತಿಗೆ ಕಟ್ಟಿರೋ ತಾಯತದ ದಾರ, ಟೋಪಿ ಸ್ವೆಟರಿನ ಲಾಡಿ, ದುಪಟ್ಟಾ, ನೀರಿನ ಬಾಟ್ಲಿ ಬೆಲ್ಟು, ಇವೆಲ್ಲಾ ಆಟ ಶುರು ಮಾಡೋ ಮುಂಚೆ ತೆಗ್ದು ಬ್ಯಾಗಿಗೆ ಹಾಕಿ. ಜಾರುಬಂಡೆ ಮೇಲ್ತುದಿಯ ಸಂದಿಯಲ್ಲಿ ದಾರ ಸಿಕ್ಕಿ ಮಗು ಕೆಳಗೆ ಜಾರಿದ್ರೆ ಕತ್ತು ಬಿಗಿಯುತ್ತೆ. ದೇವರ ದಾರ ಬಿಚ್ಚಬಾರ್ದು ಅಂತ ಮನೇಲಿ ಹಿರಿಯರು ಹೇಳಿದ್ರೆ ಆ ಹೊತ್ತಿಗೆ ತೋಳಿಗೆ ಕಟ್ಟಿ. ಏಣಿ, ಕಂಬಿ ಮಧ್ಯದ ಸಂದಿಗಳನ್ನೂ ನೋಡ್ಕೊಳ್ಳಿ, 9 ಸೆಂಟಿಮೀಟರ್‌ಗಿಂತ ಕಮ್ಮಿ ಇರ್ಬೇಕು ಇಲ್ಲಾ 23ಕ್ಕಿಂತ ಜಾಸ್ತಿ ಇರ್ಬೇಕು, ನಡುವಿನ ಅಳತೆಯಲ್ಲಿ ಮೈ ತೂರಿ ತಲೆ ಸಿಕ್ಕಾಕೊಳ್ಳುತ್ತೆ.

ಉಯ್ಯಾಲೆಯಲ್ಲಿ ಕೂತಿರೋ ಮಗೂಗಿಂತ ಎದುರಿಗೆ ಓಡಿ ಬರೋ ಪುಟ್ಟದಕ್ಕೇ ಅಪಾಯ ಜಾಸ್ತಿ, ಹಾಗಾಗಿ ಚಿಕ್ಕದನ್ನ ಉಯ್ಯಾಲೆ ಸಾಲಿನ ಮುಂದೆ ಹಿಂದೆ ಬಿಡ್ಬೇಡಿ. 5 ವರ್ಷಕ್ಕಿಂತ ಚಿಕ್ಕವರಿಗೂ ದೊಡ್ಡವರಿಗೂ ಬೇರೆ ಬೇರೆ ಜಾಗ ಇದ್ರೆ ಅದನ್ನ ಪಾಲಿಸಿ, ನಮ್ಮದು ಜೋರು ಮಗು ಅಂತ ದೊಡ್ಡವರ ಕಡೆ ತಳ್ಳೋದು ಬೇಡ. ಸೀಸಾದಲ್ಲಿ (ಎರಡು ಕಡೆ ಕೂತು ಮೇಲೆ ಕೆಳಗೆ ಆಡೋ ಹಲಗೆ) ಇಳಿಯೋವಾಗ ಎದುರಿನೋರಿಗೆ ಹೇಳಿ ಇಳಿಯೋದು ಕಲಿಸಿ.

ಇಷ್ಟೆಲ್ಲಾ ನೋಡ್ಕೊಂಡ್ಮೇಲೆ ಬಿಟ್ಬಿಡಿ, ಬಿಡ್ಲೇಬೇಕು. ಪ್ರತಿ ಹೆಜ್ಜೆಗೂ ಬೀಳ್ತೀಯ ಬೀಳ್ತೀಯ ಅಂತ ಕೂಗ್ತಿದ್ರೆ ಮಗು ತನ್ನ ಕಾಲು ನೋಡೋದು ಬಿಟ್ಟು ನಿಮ್ ಮುಖ ನೋಡುತ್ತೆ. ಶಾಲೇಲಿ ತಮಿಳು, ಇಂಗ್ಲಿಷ್ ಅಂತ ಇಡೀ ವಾರ ಬಾಯಿಪಾಠ ಮಾಡಿ ಬಂದಿರೋ ನಮ್ ಮಕ್ಕಳು ಅಲ್ಲಿ ಮರಳಲ್ಲಿ ಯಾರದೋ ಮಗು ಜೊತೆ ಕನ್ನಡದಲ್ಲಿ ಜಗಳ ಆಡಿ ರಾಜಿ ಆಗೋದನ್ನ ನೋಡೋಕೇ ಒಂದು ಖುಷಿ. ಒಂದೇ ದಿನಕ್ಕೆ ಮ್ಯೂಸಿಯಂ, ವಿಧಾನಸೌಧ, ಲಾಲ್‌ಬಾಗ್ ಎಲ್ಲಾ ಸೇರಿಸ್ಬೇಡಿ. ತೀರಾ ಬಿಸಿಲೇರಿದ್ರೆ ಅದೇ ಕಸ್ತೂರಬಾ ರಸ್ತೆಯಲ್ಲಿರೋ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಮಧ್ಯಾಹ್ನ ನುಗ್ಗಿ, ಅಷ್ಟು ಸಾಕು.

ಅಕಸ್ಮಾತ್ ಬಿದ್ದು ಕೈಕಾಲು ಊದ್ಕೊಂಡ್ರೆ ಎಳೀಬೇಡಿ, ನೀವಬೇಡಿ. ನಮ್ ಕಡೆ ತಕ್ಷಣ ಪುತ್ತೂರು ಕಟ್ಟು (ಮೂಳೆ ಮುರಿದ್ರೆ ನಾಟಿ ವೈದ್ಯರು ಹಾಕೋ ಕಟ್ಟು) ಕಟ್ಸೋಕೆ ಓಡ್ತಾರೆ, ಮೊದ್ಲು ಎಕ್ಸ್‌ರೇ ಆಗ್ಲಿ, ಮಕ್ಕಳ ಮೂಳೆ ತುದಿಯಲ್ಲಿ ಬೆಳೆಯೋ ಜಾಗ ಇರುತ್ತೆ, ಅಲ್ಲಿ ಏಟಾಗಿ ಸರಿಯಾಗಿ ಕೂರದಿದ್ರೆ ಕೈ ಸೊಟ್ಟ ಬೆಳೆಯಬಹುದು. ತಲೆಗೆ ಏಟಾಗಿ ಪದೇ ಪದೇ ವಾಂತಿ, ಮಂಪರು, ಮಾತು ತೊದಲೋದು ಕಂಡ್ರೆ ಹೊಸೂರು ತಲುಪೋ ತನಕ ಕಾಯ್ಬೇಡಿ, ಅಲ್ಲೇ ಹತ್ತಿರದ ಆಸ್ಪತ್ರೆಗೆ ಹೋಗಿ, 108ಕ್ಕೆ ಫೋನ್ ಮಾಡಿ. ಮುರಿದ ಸೀಟು, ಎದ್ದಿರೋ ಬೋಲ್ಟು ಕಂಡ್ರೆ ಫೋಟೋ ತೆಗ್ದು ಅಲ್ಲಿನ ಸಿಬ್ಬಂದಿಗೆ ತೋರ್ಸಿ, ಅವರು ಬಂದು ನೋಡೋ ತನಕ ಆ ಉಯ್ಯಾಲೆ ಸರಪಳಿನ ಕಂಬಕ್ಕೆ ಸುತ್ತಿ ಇಟ್ಬಿಡಿ, ಬೇರೆ ಮಕ್ಕಳು ಹತ್ತದ ಹಾಗೆ.