ಉಂಗುರದಿಂದ ಬಿಡಿಸದೆಯೇ ಸವರನ್ ಪರೀಕ್ಷೆ: ನನ್ನ ಅನುಭವ

ನಾಣ್ಯವನ್ನು ಉಂಗುರದಿಂದ ಬಿಡಿಸದೆ ಅಸಲಿಯೋ ನಕಲಿಯೋ ಹೇಳಲಾಗದು ಎಂದೇ ನಾನು ಕೇಳಿದವರೆಲ್ಲ ಹೇಳಿದ್ದರು. ಹೇಳಬಹುದು. ಅಜ್ಜನಿಂದ ಬಂದ ಉಂಗುರ. ಮೇಲೆ 1911ರ ಸವರನ್ ಎಂಬ ಬ್ರಿಟಿಷ್ ಚಿನ್ನದ ನಾಣ್ಯ, ಸುತ್ತ ಬೆಸುಗೆ ಹಾಕಿದ ಕಟ್ಟು, ಒಳಮೈಯಲ್ಲಿ 375ರ ಮುದ್ರೆ, ಅಂದರೆ ಒಂಬತ್ತು ಕ್ಯಾರೆಟ್. ಬೆಸುಗೆ ಬಿಚ್ಚಹೋದರೆ ನಾಣ್ಯದ ಅಂಚಿನ ಗೀರುಗಳು ಹಾಳಾಗುತ್ತವೆ. ಹಾಗಾಗಿ ಇಡೀ ಉಂಗುರವನ್ನೇ ನೀರಿನಲ್ಲಿ ತೂಗಿದೆ.

ಅದಕ್ಕೂ ಮೊದಲು ಕೈಕೊಟ್ಟ ಪರೀಕ್ಷೆಗಳು ಹಲವು. ಒರೆಗಲ್ಲು ಕಟ್ಟಿಗೇನೋ ಸರಿ, ನಾಣ್ಯಕ್ಕೆ ಬೇಡ. ಮುಖ ಸವೆಯುತ್ತದೆ, ದಪ್ಪ ಲೇಪ ಇದ್ದರೆ ಒರೆಯೂ ಸುಳ್ಳಾಡುತ್ತದೆ. ಬೆಸುಗೆಯಲ್ಲಿ ಸಿಕ್ಕಿಕೊಂಡ ನಾಣ್ಯ ತಟ್ಟಿದರೆ ಮೊಳಗುವುದಿಲ್ಲ, ಆ ಪರೀಕ್ಷೆಯನ್ನು ಮರೆತುಬಿಡಿ. ಅಯಸ್ಕಾಂತಕ್ಕೆ ಹಿತ್ತಾಳೆಯೂ ಅಂಟುವುದಿಲ್ಲ, ಚಿನ್ನವೂ ಅಂಟುವುದಿಲ್ಲ. ಎಕ್ಸ್‌ರೇ ಯಂತ್ರದ ಕಣ್ಣು ಮೇಲಿನ ತೆಳು ಪದರದಾಚೆ ಹೋಗದು. ಅದರ ಕಿರಣ ಅಂಚಿನ ಬೆಸುಗೆಯ ಮೇಲೆ ಬಿದ್ದು ನನ್ನ ನಾಣ್ಯಕ್ಕೆ ಶೇ. 80ರ ಆಸುಪಾಸು ಎಂದು ಚೀಟಿ ಬಂತು. ಅಸಲಿ ಸವರನ್ ಆಗಿದ್ದರೆ 91.7 ಬರಬೇಕು. ಯಂತ್ರದಲ್ಲಿ ನೋಡಿಸುವುದಾದರೆ ಕಿರಣವನ್ನು ನಾಣ್ಯದ ನಟ್ಟನಡುವೆ ಬೀಳಿಸಿ, ಅದೂ ಎರಡು ಮೂರು ಕಡೆ.

ಈಗ ನೀರಿನ ಲೆಕ್ಕ. ಮಿಲಿಗ್ರಾಂ ತೋರಿಸುವ ತಕ್ಕಡಿ ಬೇಕು. ಅದರ ಬೆಲೆ ಅರ್ಧ ಗ್ರಾಂ ಚಿನ್ನಕ್ಕಿಂತ ಕಡಿಮೆ. ಮೊದಲು ಉಂಗುರದ ಒಣ ತೂಕ: ನನ್ನದು ಸುಮಾರು 14.3 ಗ್ರಾಂ. ಆಮೇಲೆ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಉಂಗುರವನ್ನು ತೆಳು ನೈಲಾನ್ ಎಳೆಯಲ್ಲಿ ಮುಳುಗಿಸಿ. ತಳಕ್ಕೂ ಪಕ್ಕಕ್ಕೂ ತಾಗಬಾರದು. ಆಗ ತೋರುವ ಗ್ರಾಂ ಎಷ್ಟೋ ಅಷ್ಟೇ ಘನ ಸೆಂ.ಮೀ. ಗಾತ್ರ. ನನಗೆ ಬಂದದ್ದು 1.02.

ಇದರಿಂದ ಸವರನ್ನಿನ ಪಾಲು ಕಳೆಯಿರಿ. ಹೊಸದರ ತೂಕ 7.988 ಗ್ರಾಂ, ಅಡ್ಡಳತೆ 22.05 ಮಿ.ಮೀ. ಸವೆದದ್ದಕ್ಕೆ ನಾನು 7.95 ಹಿಡಿಯುತ್ತೇನೆ, 22 ಕ್ಯಾರೆಟ್ ಎಂದುಕೊಂಡರೆ ಗಾತ್ರ 0.45. ಉಳಿದದ್ದು ಕಟ್ಟು: 6.35 ಗ್ರಾಂ, 0.57 ಘನ ಸೆಂ.ಮೀ.; ಭಾಗಿಸಿದರೆ 11.1. ಒಂಬತ್ತು ಕ್ಯಾರೆಟ್ ಹಳದಿ ಚಿನ್ನದ ಸಾಂದ್ರತೆಯೂ ಅಷ್ಟೇ. ಕಟ್ಟಿನ ಮುದ್ರೆ ನಿಜವಾದರೆ ನಾಣ್ಯವೂ 22 ಕ್ಯಾರೆಟ್.

ಅದೇ ಅಳತೆಯ ನಾಣ್ಯ 14 ಕ್ಯಾರೆಟ್ ಆಗಿದ್ದರೆ ಇಡೀ ಉಂಗುರ 12.3 ಗ್ರಾಂ ಮಾತ್ರ ತೂಗುತ್ತಿತ್ತು, ಇದೇ ಲೆಕ್ಕದಲ್ಲಿ ಕಟ್ಟಿಗೆ 7.6 ಬರುತ್ತಿತ್ತು. ಕಬ್ಬಿಣಕ್ಕಿಂತ ಹಗುರವಾದ ಚಿನ್ನ ಎಲ್ಲಿದೆ? 18 ಕ್ಯಾರೆಟ್ ನಾಣ್ಯಕ್ಕೆ 9.4 ಬರುತ್ತದೆ. ಎಡವುವುದು ಇಲ್ಲೇ, ಏಕೆಂದರೆ ಗಾಳಿಗುಳ್ಳೆಯೂ ಅತ್ತಲೇ ಎಳೆಯುತ್ತದೆ. ನಾಣ್ಯದ ಹಿಂಬದಿ 0.05 ಘನ ಸೆಂ.ಮೀ. ಗಾಳಿ ಸಿಕ್ಕಿಕೊಂಡರೆ ಅಸಲಿ ಉಂಗುರವೂ 10.2 ತೋರಿಸಿ ಎದೆ ಒಡೆಸುತ್ತದೆ. ಕುದಿಸಿ ಆರಿಸಿದ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಉಂಗುರವನ್ನು ಓರೆಯಾಗಿ ಇಳಿಸಿ. ಕೊನೆಯ ಗುಳ್ಳೆ ಎಬ್ಬಿಸಲು ನನ್ನದೇ ಒಂದು ಉಪಾಯವಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕೊಳೆಯದ್ದು ಇನ್ನೊಂದು ಕಾಟ. ನಾಣ್ಯಕ್ಕೂ ಕಟ್ಟಿಗೂ ನಡುವೆ ಸೋಪು, ಬೆವರು, ಮೈಜಿಡ್ಡು ಸೇರಿ ಕಪ್ಪು ಮೇಣದಂತೆ ಕೂತಿರುತ್ತದೆ. ತೂಕ ಕಡಿಮೆ, ಗಾತ್ರ ಜಾಸ್ತಿ, ಲೆಕ್ಕ ಕೆಡಿಸಲು ಅಷ್ಟು ಸಾಕು. ಬಿಸಿ ಸೋಪುನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಮೆತ್ತನೆಯ ಬ್ರಷ್ಷನ್ನು ಹಿಂಬದಿಗೆ ಮಾತ್ರ ಆಡಿಸಿ. ಕುತೂಹಲಕ್ಕೆ ಮೊದಲೂ ಆಮೇಲೂ ತೂಗಿದೆ: ಕೊಳೆಯೇ ಮೂರು ನಾಲ್ಕು ಸೆಂಟಿಗ್ರಾಂ ಇತ್ತು.

ಚಿನ್ನ ಸರಿ ಎಂದಮೇಲೂ ನಾಣ್ಯ ಟಂಕಸಾಲೆಯದ್ದೇ ಎಂದಾಗಲಿಲ್ಲ. ಎರಡನೇ ಮಹಾಯುದ್ಧದ ನಂತರ 22 ಕ್ಯಾರೆಟ್ ಚಿನ್ನದಲ್ಲೇ ಅಚ್ಚೊತ್ತಿದ ನಕಲಿಗಳೂ ಬಂದಿವೆ. ಅದಕ್ಕೆ ಭೂತಗನ್ನಡಿಯೇ ಮದ್ದು. ನಾಣ್ಯದ ಒಂದು ಮುಖದಲ್ಲಿರುವ ಕುದುರೆ ಸವಾರನ ಕೆಳಗೆ, ಇಸವಿಯ ಬಲಕ್ಕೆ, ಆ ಚಿತ್ರ ಕೆತ್ತಿದ ಬೆನೆಡೆಟ್ಟೊ ಪಿಸ್ಟ್ರುಚಿಯ ಹೆಸರಿನ ಬಿ.ಪಿ. ಎಂಬ ಪುಟ್ಟ ಅಕ್ಷರಗಳು ಅಚ್ಚುಕಟ್ಟಾಗಿರಬೇಕು. ಚಿತ್ರವಿಲ್ಲದ ಬಯಲಿನಲ್ಲಿ ಮೊಡವೆಯಂಥ ಉಬ್ಬುಗಳಿದ್ದರೆ ಎರಕದ ಮಾಲು. ಇಸವಿಯ ಮೇಲಿನ ನೆಲಗೆರೆಯಲ್ಲಿ ಬಾಂಬೆ ಟಂಕಸಾಲೆಯ 'ಐ' ಅಕ್ಷರವಿದ್ದರೆ ಇಸವಿ 1918 ಆಗಿರಲೇಬೇಕು, ಅಲ್ಲಿ ಸವರನ್ ಒತ್ತಿದ್ದು ಆ ಒಂದೇ ವರ್ಷದ ಗುರುತಿನಲ್ಲಿ. 1940ರ ಇಸವಿ ಕಂಡರೆ ಮುಂದಿನ ಪರೀಕ್ಷೆಯೇ ಬೇಡ, ಆ ಇಸವಿಯ ಸವರನ್ನೇ ಇಲ್ಲ. ಆದರೆ 1925ರ ನಾಣ್ಯ ತೀರಾ ಹೊಸತಾಗಿ ಕಂಡರೆ ಗಾಬರಿ ಬೇಡ; ಅದೇ ಇಸವಿಯಲ್ಲಿ ಲಂಡನ್ನಿನ ಟಂಕಸಾಲೆ 1949ರಿಂದ ಕೆಲವು ವರ್ಷ ಮತ್ತೆ ಒತ್ತಿದೆ.

ಇಷ್ಟೆಲ್ಲ ತಲೆಬಿಸಿ ಯಾಕೆಂದರೆ ದುಡ್ಡು. ಸವರನ್ನಿನಲ್ಲಿ ಶುದ್ಧ ಚಿನ್ನ 7.3 ಗ್ರಾಂ, ಕಟ್ಟಿನಲ್ಲಿ ಸುಮಾರು 2.4, ಒಟ್ಟು 9.7. ಒಳಗಿನ 375 ನೋಡಿ ಇಡೀ ಉಂಗುರಕ್ಕೇ ಒಂಬತ್ತು ಕ್ಯಾರೆಟ್ ಕಟ್ಟಿದರೆ ಲೆಕ್ಕಕ್ಕೆ ಬರುವುದು ಐದೂವರೆ ಗ್ರಾಂ ಕೂಡ ಇಲ್ಲ. ನನಗೆ ಹಾಗೆ ಬೆಲೆ ಕಟ್ಟಿದವರಿದ್ದಾರೆ.

ಕಡೆಗೆ ಕಟ್ಟು ಬಿರುಕು ಬಿಟ್ಟು ಹೇಗೂ ಬಿಡಿಸಬೇಕಾಯಿತು. ನಾಣ್ಯ ತೂಗಿದರೆ 7.96, ಅಂಚಿಗಂಟಿದ ಬೆಸುಗೆಯ ಚೂರೂ ಸೇರಿ. ಆಗದು ಎಂದವರ ಮುಂದೆಯೇ ತೂಗಿದೆ ಎನ್ನುವುದನ್ನೂ ಹೇಳಿಬಿಡುತ್ತೇನೆ. ಹೊಸ ಕಟ್ಟಿಗೆ ಬೆಸುಗೆ ಬೇಡ ಎಂದು ಮಡಚುವ ಹಲ್ಲುಗಳನ್ನು ಇಡಿಸಿದ್ದೇನೆ. ಸುತ್ತಿನ ಅಂಚು ನಾಣ್ಯದ ಮುಖಕ್ಕಿಂತ ಕೂದಲೆಳೆಯಷ್ಟು ಎತ್ತರ, ಇಲ್ಲವಾದರೆ ಮೊದಲು ಸವೆಯುವುದು ಸವಾರನ ತೊಡೆ.