ಮರೀನ್ ಡ್ರೈವ್ ಫೋಟೊ ಮೇಲೆ ಮಳೆ: ಜಿಗಿಯದ ಲೂಪಿನ ಲೆಕ್ಕ

ಜೂನ್ ಬಂತೆಂದರೆ ಮುಂಬೈಯ ಕನ್ನಡ ಸಂಘಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮಳೆ ಸುರಿಯುವ ಆಮಂತ್ರಣಗಳು ಶುರುವಾಗುತ್ತವೆ. ತಾಳಮದ್ದಳೆ ಇರಲಿ, ಆಟಿಡೊಂಜಿ ದಿನ ಇರಲಿ, ಹಿಂದೆ ಒಂದು ಫೋಟೊ, ಅದರ ಮೇಲೆ ಮಳೆ. ಅವುಗಳಲ್ಲಿ ಬಹುಪಾಲು ಎರಡು ಮೂರು ಸೆಕೆಂಡಿಗೊಮ್ಮೆ ಟಕ್ಕನೆ ಜಿಗಿಯುತ್ತವೆ. ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಆ ಜಿಗಿತವನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಇದು ಸಾಫ್ಟ್‌ವೇರಿನ ದೋಷವಲ್ಲ. ಮಳೆಯ ಲೇಯರ್, ಅಂದರೆ ಫೋಟೊ ಮೇಲಿನ ಮಳೆಯ ಪದರ, ಎಷ್ಟು ಪಿಕ್ಸೆಲ್ ಸರಿಯಬೇಕು ಎಂಬ ಲೆಕ್ಕ ಮಾಡದೆ ಕಣ್ಣಳತೆಯಲ್ಲಿ ಎಳೆದಿದ್ದರ ಫಲ. ಫೋಟೊಶಾಪಿನಲ್ಲಿ ನಾನು ಮಾಡುವ ಕ್ರಮವನ್ನು ಅಳತೆಗಳ ಸಮೇತ ಬರೆಯುತ್ತೇನೆ.

ಮರೀನ್ ಡ್ರೈವ್ ಫೋಟೊವನ್ನು ಮೊದಲೇ 1080 × 1350 ಪಿಕ್ಸೆಲ್ ಅಳತೆಗೆ ಕತ್ತರಿಸಿಕೊಳ್ಳಿ. ಮುಂದಿನ ಎಲ್ಲ ಸಂಖ್ಯೆಗಳೂ ಇದರ ಮೇಲೆ ನಿಂತಿವೆ. ವಿಂಡೊ ಮೆನುವಿನಿಂದ ಟೈಮ್‌ಲೈನ್ ತೆರೆದು ಕ್ರಿಯೇಟ್ ವಿಡಿಯೊ ಟೈಮ್‌ಲೈನ್ ಒತ್ತಿ. ಫ್ರೇಮ್ ಆ್ಯನಿಮೇಷನ್ ಬೇಡ. ಪ್ಯಾನೆಲಿನ ಮೂಲೆಯ ಮೆನುವಿನಲ್ಲಿ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಎಂಬುದನ್ನು, 25 ಮಾಡಿ. ಜಿಫ್ ಕಡತದಲ್ಲಿ ಪ್ರತಿ ಫ್ರೇಮಿನ ಅವಧಿ ಸೆಕೆಂಡಿನ ನೂರನೇ ಭಾಗಗಳಲ್ಲಿ ದಾಖಲಾಗುತ್ತದೆ. 25ಕ್ಕೆ ಸರಿಯಾಗಿ 0.04 ಸೆಕೆಂಡ್ ಬರುತ್ತದೆ, 30ಕ್ಕೆ ಹಾಗೆ ಸಮವಾಗಿ ಬರುವುದಿಲ್ಲ.

ಇನ್ನು ಮಳೆ ಯಾವ ಕಡೆಗೆ ವಾಲಬೇಕು ಎಂಬುದು. ಇದನ್ನು ಯಾರೂ ಯೋಚಿಸುವುದೇ ಇಲ್ಲ, ಮುಂಬೈಯವರಿಗೆ ಮಾತ್ರ ಥಟ್ಟನೆ ತಿಳಿಯುತ್ತದೆ. ಮರೀನ್ ಡ್ರೈವ್ ಪಶ್ಚಿಮದ ಕಡಲಿಗೆ ಮುಖ ಮಾಡಿದೆ, ಮುಂಗಾರಿನ ಗಾಳಿಯೂ ಆ ಕಡೆಯಿಂದಲೇ ಬೀಸುತ್ತದೆ. ಗಿರ್‌ಗಾಂವ್ ಚೌಪಾಟಿ, ಮಲಬಾರ್ ಹಿಲ್ ಕಡೆ ನೋಡುತ್ತ ತೆಗೆದ ಫೋಟೊದಲ್ಲಿ ಕಡಲು ಎಡಕ್ಕಿರುತ್ತದೆ. ಮಳೆ ಎಡಮೇಲಿನಿಂದ ಬಲಕೆಳಗೆ ಬೀಳಬೇಕು. ನರಿಮನ್ ಪಾಯಿಂಟ್ ಕಡೆ ನೋಡುವ ಫೋಟೊ ಆದರೆ ಇದರ ತಿರುವುಮುರುವು. ಇಲ್ಲಿ ಮೊದಲನೆಯದನ್ನು ಇಟ್ಟುಕೊಂಡಿದ್ದೇನೆ.

ಲೂಪ್ ಎಂದರೆ ಕೊನೆ ಮುಟ್ಟಿದೊಡನೆ ಮತ್ತೆ ಮೊದಲಿನಿಂದ ಶುರುವಾಗುವ ಚಲನೆ. ಅದರ ಗುಟ್ಟು ಇಷ್ಟೇ. ಮಳೆಯ ಚಿತ್ರ 720 ಪಿಕ್ಸೆಲಿಗೊಮ್ಮೆ ಮರುಕಳಿಸುವ ತುಣುಕುಗಳಿಂದ ಆಗಿದ್ದರೆ, ಅದನ್ನು 720ರ ಪೂರ್ಣ ಗುಣಕದಷ್ಟು ಸರಿಸಿದಾಗ ಮೊದಲಿದ್ದಂತೆಯೇ ಕಾಣುತ್ತದೆ. ಅಡ್ಡಕ್ಕೆ ಒಂದು ತುಣುಕು, ಕೆಳಕ್ಕೆ ಮೂರು ತುಣುಕು, ಅಂದರೆ 720 ಮತ್ತು 2160 ಸರಿಸುತ್ತೇನೆ. ಒಂದಕ್ಕೆ ಮೂರರ ಈ ಓರೆ ಸುಮಾರು 72 ಡಿಗ್ರಿ. ಹನಿಯ ಎಳೆಯೂ ಅದೇ ಓರೆಯಲ್ಲಿರಬೇಕು. ಎಳೆ ಒಂದು ಕಡೆ ವಾಲಿ ಚಲನೆ ಇನ್ನೊಂದು ಕಡೆ ಹೋದರೆ ಮಳೆ ಬೀಳುವುದಿಲ್ಲ, ಪರದೆಯಂತೆ ಜಾರುತ್ತದೆ.

ತುಣುಕು ಮಾಡುವ ಬಗೆ. 720 × 720ರ ಹೊಸ ಕಡತಕ್ಕೆ ಕಪ್ಪು ತುಂಬಿ. ಆ್ಯಡ್ ನಾಯ್ಸ್ ಫಿಲ್ಟರ್ ಹಾಕಿ: ಪ್ರಮಾಣ 30ರ ಆಸುಪಾಸು, ಗಾಸಿಯನ್, ಮೊನೊಕ್ರೊಮ್ಯಾಟಿಕ್. ಆಮೇಲೆ ಥ್ರೆಶೋಲ್ಡ್ ತೆರೆದು, ಕೆಲವು ನೂರು ಬಿಳಿ ಚುಕ್ಕೆಗಳಷ್ಟೇ ಉಳಿಯುವವರೆಗೆ ಗುಂಡಿಯನ್ನು ಬಲಕ್ಕೆ ಎಳೆಯಿರಿ. ಎಡಿಟ್ ಮೆನುವಿನ ಡಿಫೈನ್ ಪ್ಯಾಟರ್ನ್ ಕೊಡಿ. ಚುಕ್ಕೆಗಳನ್ನು ಎಳೆಯಾಗಿ ಹರಡುವ ಮೋಷನ್ ಬ್ಲರ್ ಫಿಲ್ಟರನ್ನು ಇಲ್ಲೇ ಕೊಟ್ಟುಬಿಟ್ಟರೆ ಅಂಚುಗಳು ಒಂದಕ್ಕೊಂದು ಕೂಡುವುದಿಲ್ಲ, ಜೋಡಿಸಿದಾಗ ಚೌಕಟ್ಟಿನ ಗೆರೆ ಎದ್ದು ಕಾಣುತ್ತದೆ. ಬದಲಿಗೆ 2160 × 2160ರ ಇನ್ನೊಂದು ಕಡತ ತೆರೆದು ಆ ಪ್ಯಾಟರ್ನ್ ತುಂಬಿ, ಅದರ ಮೇಲೆ ಬ್ಲರ್ ಕೊಟ್ಟು, ನಟ್ಟನಡುವಿನ 720ರ ಚೌಕವನ್ನು ಆಯ್ದು ಹೊಸ ಪ್ಯಾಟರ್ನ್ ಮಾಡಿ. ಮರುಕಳಿಸುವ ಚಿತ್ರಕ್ಕೆ ಬ್ಲರ್ ಕೊಟ್ಟರೂ ಅದು ಮರುಕಳಿಸುತ್ತಲೇ ಇರುತ್ತದೆ. ಕೆಡುವುದು ಹೊರಗಿನ ಅಂಚು ಮಾತ್ರ, ಅದನ್ನು ನಾವು ಬಳಸುವುದಿಲ್ಲ.

ಬ್ಲರ್‌ಗೆ ಮೊದಲು ಎರಡು ಕೆಲಸ ಇವೆ. ಒಂದು ಪಿಕ್ಸೆಲಿನ ಬಿಳಿ ಚುಕ್ಕೆಯನ್ನು 60 ಪಿಕ್ಸೆಲ್ ಉದ್ದಕ್ಕೆ ಹರಡಿದರೆ 255ರ ಬೆಳಕು 4ಕ್ಕೆ ಇಳಿಯುತ್ತದೆ. ಆಮೇಲೆ ಲೆವೆಲ್ಸ್‌ನಲ್ಲಿ ಎಷ್ಟೇ ಎತ್ತಿದರೂ ಒಡಕಲು ಪಟ್ಟಿಗಳೇ ಸಿಗುತ್ತವೆ. ಆದ್ದರಿಂದ ಕಡತವನ್ನು 16 ಬಿಟ್‌ಗೆ ಬದಲಿಸಿ, ಫಿಲ್ಟರ್ ಮೆನುವಿನ ಅದರ್ ಒಳಗಿನ ಮ್ಯಾಕ್ಸಿಮಮ್ ಅನ್ನು ರೇಡಿಯಸ್ 1ರಲ್ಲಿ ಕೊಡಿ, ಚುಕ್ಕೆ ಮೂರು ಪಿಕ್ಸೆಲ್ ಅಗಲವಾಗುತ್ತದೆ. ಈಗ ಮೋಷನ್ ಬ್ಲರ್: ಕೋನ −72, ದೂರ 60. ನಂತರ ಲೆವೆಲ್ಸ್‌ನಲ್ಲಿ ಬಿಳಿಯ ಗುಂಡಿಯನ್ನು 20ರ ಹತ್ತಿರಕ್ಕೆ ತನ್ನಿ. ಕೊನೆಗೆ 8 ಬಿಟ್.

ಈ 60 ಎಲ್ಲಿಂದ ಬಂತು? ಎರಡು ಸೆಕೆಂಡಿನ 50 ಫ್ರೇಮುಗಳಲ್ಲಿ ಹನಿ ಓರೆಯಾಗಿ ಸುಮಾರು 2277 ಪಿಕ್ಸೆಲ್ ಸಾಗುತ್ತದೆ, ಫ್ರೇಮಿಗೆ 45ಕ್ಕೆ ತುಸು ಮೇಲೆ. ಎಳೆ ಈ ಹೆಜ್ಜೆಗಿಂತ ಉದ್ದವಿರಬೇಕು. ಚಿಕ್ಕದಾದರೆ ಒಂದು ಫ್ರೇಮಿನ ಎಳೆಗೂ ಮುಂದಿನದಕ್ಕೂ ನಡುವೆ ಖಾಲಿ ಜಾಗ ಉಳಿದು ಮಳೆ ಮಿಣಮಿಣ ಎನ್ನುತ್ತದೆ, ಕೆಲವೊಮ್ಮೆ ಮೇಲಕ್ಕೇ ಏರಿದಂತೆ ಕಾಣುತ್ತದೆ.

1800 × 3510ರ ಕಡತಕ್ಕೆ ಈ ಪ್ಯಾಟರ್ನ್ ತುಂಬಿ, ಲೇಯರನ್ನು ಫೋಟೊ ಕಡತಕ್ಕೆ ಒಯ್ದು ಬ್ಲೆಂಡ್ ಮೋಡ್ ಸ್ಕ್ರೀನ್ ಮಾಡಿ. ಕಪ್ಪು ಮಾಯವಾಗಿ ಎಳೆಗಳಷ್ಟೇ ಉಳಿಯುತ್ತವೆ. ಟೈಮ್‌ಲೈನಿನ ಮೊದಲ ಫ್ರೇಮಿನಲ್ಲಿ ಲೇಯರಿನ ಬಲಕೆಳಗಿನ ಮೂಲೆಯನ್ನು ಫೋಟೊದ ಬಲಕೆಳಗಿನ ಮೂಲೆಗೆ ಕೂಡಿಸಿ ಪೊಸಿಷನ್ ಕೀಫ್ರೇಮ್, ಅಂದರೆ ಆ ಕ್ಷಣದಲ್ಲಿ ಲೇಯರ್ ಎಲ್ಲಿದೆ ಎಂಬ ಗುರುತು, ಹಾಕಿ. ಸರಿಯಾಗಿ ಎರಡನೇ ಸೆಕೆಂಡಿನಲ್ಲಿ ಎಡಮೇಲಿನ ಮೂಲೆಗೆ ಎಡಮೇಲಿನ ಮೂಲೆ ಕೂಡಿಸಿ. ಅಷ್ಟಕ್ಕೆ 720 ಮತ್ತು 2160 ತಾನಾಗಿ ಬರುತ್ತದೆ, ಲೇಯರಿನ ಅಳತೆಯನ್ನು ಹಾಗೆ ಇಟ್ಟದ್ದೇ ಅದಕ್ಕೆ. ಲೇಯರನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿದ್ದರೆ ಪೊಸಿಷನ್ ಬದಲು ಟ್ರಾನ್ಸ್‌ಫಾರ್ಮ್ ಎಂದು ಕಾಣಿಸುತ್ತದೆ; ಗಾಬರಿ ಬೇಡ.

ಜಿಗಿತಕ್ಕೆ ಇನ್ನೊಂದು ಕಾರಣ ಇಲ್ಲಿದೆ. ಎರಡನೇ ಸೆಕೆಂಡಿನ ಫ್ರೇಮ್, ಎಣಿಕೆಯಲ್ಲಿ 50ನೆಯದು, 0ನೆಯದರ ನಕಲು. ಎರಡೂ ವಿಡಿಯೊದಲ್ಲಿ ಸೇರಿದರೆ ಒಂದೇ ಚಿತ್ರ ಎರಡು ಸಲ ನಿಂತು ಮಳೆ ಒಂದು ಕ್ಷಣ ತಡವರಿಸುತ್ತದೆ. ವರ್ಕ್ ಏರಿಯಾ, ಅಂದರೆ ಟೈಮ್‌ಲೈನಿನಲ್ಲಿ ವಿಡಿಯೊಗೆ ಸೇರುವ ಭಾಗ, 49ಕ್ಕೆ ಮುಗಿಯಲಿ, ಕೀಫ್ರೇಮ್ ಮಾತ್ರ 50ರಲ್ಲೇ ಇರಲಿ.

ಒಂದೇ ಪದರದ ಮಳೆ ಚಪ್ಪಟೆ. ದೂರದ ಮಳೆಗೆ ಇದೇ ಕ್ರಮದಲ್ಲಿ 360ರ ತುಣುಕು, ಬ್ಲರ್ 30, ಲೇಯರ್ 1440 × 2430, ಅದೇ ಎರಡು ಸೆಕೆಂಡ್, ಅದೇ ಮೂಲೆಗಳು. ಎಳೆ ಗಿಡ್ಡ, ವೇಗ ಅರ್ಧ. ಅಪಾಸಿಟಿ, ಅಂದರೆ ಲೇಯರಿನ ಗಾಢತೆ, ಅರ್ಧಕ್ಕೆ ಇಳಿಸುತ್ತೇನೆ. ಬಿಳಿಚಿದ ಆಕಾಶದ ಮೇಲೆ ಮಳೆ ಕಾಣದಿದ್ದರೆ ಜೋರು ಮಾಡಲು ಹೋಗಬೇಡಿ. ನಿಜವಾದ ಮಳೆಯೂ ಅಲ್ಲಿ ಕಾಣುವುದಿಲ್ಲ, ಕಟ್ಟಡ, ರಸ್ತೆ, ಕೊಡೆಗಳ ಕಪ್ಪಿನ ಮುಂದೆಯೇ ಕಾಣುವುದು.

ದೂರದ ಮಳೆ ಜನರ ಹಿಂದೆ ಬೀಳಬೇಕಾದ್ದರಿಂದ, ಜನರಿರುವ ಜಾಗದಲ್ಲಿ ಮಳೆಯನ್ನು ಮರೆಮಾಡುವ ಮಾಸ್ಕ್ ಬೇಕು. ಅದನ್ನು ಮಳೆಯ ಲೇಯರಿಗೇ ಹಾಕಿದರೆ ಮಳೆಯ ಜೊತೆ ಮಾಸ್ಕೂ ಕೆಳಗೆ ಜಾರುತ್ತದೆ. ಲೇಯರನ್ನು ಗ್ರೂಪಿನೊಳಗಿಟ್ಟು ಮಾಸ್ಕನ್ನು ಗ್ರೂಪಿಗೆ ಹಾಕಿ. ಗ್ರೂಪಿನ ಮೋಡ್ ಪಾಸ್ ಥ್ರೂ ಇರಬೇಕು, ನಾರ್ಮಲ್ ಆದರೆ ಫೋಟೊ ಕಪ್ಪಾಗುತ್ತದೆ.

ಸಿದ್ಧ ಮಳೆ ವಿಡಿಯೊ ಬಳಸುವವರು ಲೇಯರ್ ಮೆನುವಿನ ವಿಡಿಯೊ ಲೇಯರ್ಸ್ ಮೂಲಕ ತಂದು ಸ್ಕ್ರೀನ್ ಮಾಡಬಹುದು. ಫೋಟೊ ಮೇಲೆ ಬೂದಿ ಮುಸುಕು ಬಂದರೆ ಆ ವಿಡಿಯೊದ ಕಪ್ಪು ಪೂರ್ತಿ ಕಪ್ಪಲ್ಲ ಎಂದರ್ಥ. ಅದಕ್ಕೆ ಮಾತ್ರ ಕ್ಲಿಪ್ ಮಾಡಿದ ಲೆವೆಲ್ಸ್‌ನಲ್ಲಿ ಕಪ್ಪಿನ ಗುಂಡಿಯನ್ನು 15ರಿಂದ 25ಕ್ಕೆ ಏರಿಸಿ. ಲೂಪ್ ಕೂಡುವ ಭರವಸೆ ಅದರಲ್ಲಿಲ್ಲ, ಹಾಗಾಗಿ ನನಗೆ ಅದು ರುಚಿಸುವುದಿಲ್ಲ.

ಕನ್ನಡ ಅಕ್ಷರಗಳು ಮಳೆಯ ಮೇಲಿನ ಲೇಯರಿನಲ್ಲಿರಲಿ. ಒತ್ತಕ್ಷರ ಬಿಡಿಬಿಡಿಯಾಗಿ ಬಿದ್ದರೆ ಪ್ಯಾರಾಗ್ರಾಫ್ ಪ್ಯಾನೆಲಿನ ಮೆನುವಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆಯ್ಕೆ ಮಾಡಿ. ತೆಳು ಅಕ್ಷರ ಮಳೆಯೊಂದಿಗೆ ಸೆಣಸಲಾರದು. ಮುಂಬೈಯ ಏಕ್ ಟೈಪ್‌ನವರು ರೂಪಿಸಿದ ‘ಬಾಲೂ ತಮ್ಮ’ ಎಂಬ ಕನ್ನಡ ಫಾಂಟ್ ದಪ್ಪ, ದುಂಡು, ಸಣ್ಣ ಮೊಬೈಲಿನಲ್ಲೂ ಓದಲು ಬರುತ್ತದೆ.

ಹೊರತೆಗೆಯಲು ರೆಂಡರ್ ವಿಡಿಯೊ, ಎಚ್.264, ರೇಂಜ್ ವರ್ಕ್ ಏರಿಯಾ. ಎರಡು ಸೆಕೆಂಡಿನ ಈ ವಿಡಿಯೊವನ್ನು ಮತ್ತೆ ಫೋಟೊಶಾಪಿನಲ್ಲಿ ತೆರೆದು, ಒಂದೇ ವಿಡಿಯೊ ಗ್ರೂಪಿನಲ್ಲಿ ಎಂಟು ಪ್ರತಿ ಸಾಲಾಗಿ ಇಟ್ಟರೆ 16 ಸೆಕೆಂಡ್ ಆಗುತ್ತದೆ. ಅಕ್ಷರಗಳನ್ನು ಈ ಎರಡನೇ ಹಂತದಲ್ಲಿ ಹಾಕಿದರೆ ಎರಡು ಸಲ ಕುಗ್ಗಿ ಮಸುಕಾಗುವುದು ತಪ್ಪುತ್ತದೆ. ಅವುಗಳ ಪಟ್ಟಿ ಟೈಮ್‌ಲೈನಿನಲ್ಲಿ ಸಾಮಾನ್ಯವಾಗಿ 5 ಸೆಕೆಂಡಿಗೆ ನಿಂತಿರುತ್ತದೆ, ಕೊನೆಯವರೆಗೆ ಎಳೆಯಿರಿ.

ಜಿಫ್ ಬೇಕೇ ಬೇಕೆಂದರೆ 540 × 675ಕ್ಕೆ ಇಳಿಸಿ. ಮಳೆಯಲ್ಲಿ ಪ್ರತಿ ಫ್ರೇಮಿನ ಬಹುತೇಕ ಪಿಕ್ಸೆಲುಗಳು ಬದಲಾಗುವುದರಿಂದ ಕಡತ ಹಿಗ್ಗುತ್ತದೆ. ಇದಕ್ಕೆ ಬೇರೆಯೇ ಪ್ರತಿ ಮಾಡಿಕೊಳ್ಳುತ್ತೇನೆ: ಫ್ರೇಮ್ ರೇಟ್ 10, ದೂರದ ಮಳೆ ಮಾತ್ರ, ಅದರ ಬ್ಲರ್ 30ರ ಬದಲು 60, ಏಕೆಂದರೆ ಈಗ ಹೆಜ್ಜೆ 57ಕ್ಕೆ ಏರಿದೆ. ಕೊನೆಯ ಕೀಫ್ರೇಮ್ 20ರಲ್ಲಿ, ವರ್ಕ್ ಏರಿಯಾ 19ರವರೆಗೆ. ಸೇವ್ ಫಾರ್ ವೆಬ್‌ನಲ್ಲಿ ಬಣ್ಣ 128, ಲೂಪಿಂಗ್ ಫಾರೆವರ್. ಲಾಸಿ 10ರಿಂದ 20 ಕೊಡಬಹುದು, ಆದರೆ ಡಿದರ್ (ಇರುವ ಬಣ್ಣಗಳ ಚುಕ್ಕೆ ಬೆರೆಸಿ ಇಲ್ಲದ ಬಣ್ಣ ತೋರಿಸುವ ಬಗೆ) ಪ್ಯಾಟರ್ನ್ ಅಥವಾ ನಾಯ್ಸ್ ಆಗಿದ್ದರೆ ಆ ಗುಂಡಿ ಕೆಲಸ ಮಾಡುವುದಿಲ್ಲ. ಸಂಘದ ಕಾರ್ಯದರ್ಶಿಗಳಿಗೆ ವಿಡಿಯೊ ಕಳಿಸುವಾಗ ವಾಟ್ಸ್‌ಆ್ಯಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಗ್ಯಾಲರಿಯಿಂದ ಹೋದರೆ ಮೊದಲ ಕೈಯಲ್ಲೇ ಕುಗ್ಗಿ, ಗುಂಪಿಗೆ ಮುಟ್ಟುವಾಗ ಮಳೆ ಮಂಜಾಗಿರುತ್ತದೆ.