ಪ್ಲಾಸ್ಮಾ ಬದಲಿಸಿ ನೋಡಿದಾಗ: ನವಜಾತ ಶಿಶುವಿನ ರಕ್ತಕೋಶಗಳೊಂದಿಗೆ ನನ್ನ ಅನುಭವ

ನವಜಾತ ಶಿಶುವಿನ ಬಿಳಿರಕ್ತಕೋಶಗಳು ಬ್ಯಾಕ್ಟೀರಿಯಾಗಳಿಗೆ ಹೇಗೆ ಪ್ರತಿಕ್ರಿಯಿಸುತ್ತವೆ ಎಂಬುದನ್ನು ತಿಳಿಯಲು ನಾನು ಆರಿಸಿಕೊಂಡದ್ದು ಹೊಕ್ಕುಳಬಳ್ಳಿಯ ರಕ್ತವನ್ನು. ಹಸುಗೂಸಿನ ಮೈಯಿಂದ ಪ್ರಯೋಗಕ್ಕೆ ಸಾಲುವಷ್ಟು ರಕ್ತ ತೆಗೆಯುವುದು ಸಲ್ಲದು. ಬಳ್ಳಿಯನ್ನು ಕತ್ತರಿಸಿದ ಮೇಲೆ ಅದರಲ್ಲಿ ಉಳಿಯುವ ರಕ್ತವನ್ನು ತಾಯಿಯ ಒಪ್ಪಿಗೆ ಪಡೆದು ಸಂಗ್ರಹಿಸಿದರೆ ಮಗುವಿಗೆ ಯಾವ ನೋವೂ ಇಲ್ಲ.

ನಾನು ಮೊದಲು ಎಡವಿದ್ದು ಕೋಶಗಳನ್ನು ಬೇರ್ಪಡಿಸುವ ಹಂತದಲ್ಲಿ. ವಯಸ್ಕರ ರಕ್ತಕ್ಕೆ ಬಳಸುವ, ಮಿಲಿಲೀಟರಿಗೆ 1.077 ಗ್ರಾಂ ಸಾಂದ್ರತೆಯ ದ್ರಾವಣದ ಮೇಲೆ ಈ ರಕ್ತವನ್ನು ನಿಧಾನವಾಗಿ ಹರಿಸಿ ಸೆಂಟ್ರಿಫ್ಯೂಜ್ ಎಂಬ ವೇಗವಾಗಿ ಸುತ್ತುವ ಯಂತ್ರದಲ್ಲಿ ತಿರುಗಿಸಿದಾಗ, ಬಿಳಿಕೋಶಗಳ ಪದರ ಕೆಂಪಾಗಿಯೇ ಬಂದಿತು. ನವಜಾತ ಶಿಶುವಿನ ರಕ್ತದಲ್ಲಿ ಕೋಶಕೇಂದ್ರವನ್ನು ಇನ್ನೂ ಕಳೆದುಕೊಳ್ಳದ ಎಳೆಯ ಕೆಂಪುಕೋಶಗಳಿರುತ್ತವೆ. ಅವು ಅದೇ ಪದರದಲ್ಲಿ ಉಳಿದು ಬಿಳಿಕೋಶಗಳ ಲೆಕ್ಕಕ್ಕೂ ಸೇರಿಬಿಡುತ್ತವೆ. ನಾನು ಇವೆಯೆಂದು ನಂಬಿದ್ದಷ್ಟು ಮೊನೊಸೈಟ್‌ಗಳು (ಬ್ಯಾಕ್ಟೀರಿಯಾಗಳನ್ನು ನುಂಗುವ ಒಂದು ಬಗೆಯ ಬಿಳಿಕೋಶಗಳು) ತಟ್ಟೆಯಲ್ಲಿ ಇರಲೇ ಇಲ್ಲ. ಆರಂಭದಲ್ಲಿ ನಾನು ‘ದುರ್ಬಲ ಪ್ರತಿಕ್ರಿಯೆ’ ಎಂದು ಬರೆದಿಟ್ಟುಕೊಂಡದ್ದರಲ್ಲಿ ಒಂದು ಪಾಲು ಈ ಎಣಿಕೆಯ ತಪ್ಪಾಗಿತ್ತು. ಮೊನೊಸೈಟ್‌ಗಳ ಮೇಲ್ಮೈಯಲ್ಲಿರುವ ಸಿಡಿ14 ಎಂಬ ಪ್ರೋಟೀನಿನ ಗುರುತನ್ನು ಹಿಡಿದು, ಕೋಶಗಳನ್ನು ಒಂದೊಂದಾಗಿ ಪರೀಕ್ಷಿಸುವ ಫ್ಲೋ ಸೈಟೋಮೀಟರಿನಲ್ಲಿ ಮೊನೊಸೈಟ್‌ಗಳನ್ನೇ ಎಣಿಸತೊಡಗಿದ ಮೇಲೆ ಹೋಲಿಕೆಗೆ ಅರ್ಥ ಬಂದಿತು.

ಆಮೇಲೆ ಈ.ಕೋಲೈ ಬ್ಯಾಕ್ಟೀರಿಯಾದ ಹೊರಪೊರೆಯಿಂದ ದೊರೆಯುವ, ಕೋಶಗಳನ್ನು ಕೆರಳಿಸುವ ಲಿಪೊಪಾಲಿಸ್ಯಾಕರೈಡ್ ಸೇರಿಸಿ, 37 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟು, ಕೋಶಗಳು ಹೊರಸೂಸಿದ ಸೈಟೋಕೈನ್‌ಗಳನ್ನು, ಅಂದರೆ ಕೋಶಗಳು ಪರಸ್ಪರ ಸಂಕೇತ ಕಳಿಸಲು ಬಳಸುವ ಪ್ರೋಟೀನ್‌ಗಳನ್ನು, ಅಳೆದೆ. ಕೋಶಗಳನ್ನು ತೊಳೆದು ಕರುವಿನ ಸೀರಮ್‌ನಲ್ಲಿ (ಗರಣೆಗಟ್ಟಿದ ರಕ್ತದಿಂದ ಬೇರ್ಪಟ್ಟ ದ್ರವದಲ್ಲಿ) ಬೆಳೆಸಿದಾಗ ವಯಸ್ಕರಿಗೂ ಶಿಶುವಿಗೂ ಇದ್ದ ಅಂತರ ಚಿಕ್ಕದಾಗಿತ್ತು. ಅವನ್ನು ಅವುಗಳದೇ ಪ್ಲಾಸ್ಮಾದಲ್ಲಿ, ಅಂದರೆ ರಕ್ತದಿಂದ ಕೋಶಗಳನ್ನು ತೆಗೆದಾಗ ಉಳಿಯುವ ದ್ರವದಲ್ಲಿ, ಇಟ್ಟು ನೋಡಿದಾಗ ಶಿಶುವಿನ ಕೋಶಗಳಲ್ಲಿ ಉರಿಯೂತವನ್ನು ಕೆರಳಿಸುವ ಟಿಎನ್‌ಎಫ್ ಎಂಬ ಸೈಟೋಕೈನ್ ತೀರಾ ಇಳಿಯಿತು, ಆದರೆ ಇಂಟರ್‌ಲ್ಯೂಕಿನ್-6 ಎಂಬ ಇನ್ನೊಂದು ಸೈಟೋಕೈನ್ ಇಳಿಯಲಿಲ್ಲ. ಕೋಶವೇ ಅಶಕ್ತವಾಗಿದ್ದರೆ ಎರಡೂ ಕುಗ್ಗಬೇಕಿತ್ತು. ವಯಸ್ಕರ ಕೋಶಗಳನ್ನು ಶಿಶುವಿನ ಪ್ಲಾಸ್ಮಾಕ್ಕೆ ಸೇರಿಸಿದಾಗ ಅವುಗಳ ಟಿಎನ್‌ಎಫ್ ಕೂಡ ತಗ್ಗಿತು. ಆ ಪ್ಲಾಸ್ಮಾದಲ್ಲಿ ಅಡೆನೊಸಿನ್ ಎಂಬ ಚಿಕ್ಕ ಅಣು ಹೆಚ್ಚಾಗಿರುತ್ತದೆ. ಅದು ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂಕೇತದ ಅಣುವನ್ನು ಏರಿಸಿ, ಟಿಎನ್‌ಎಫ್ ಉತ್ಪಾದನೆಯನ್ನು ತಡೆಯುತ್ತದೆ, ಇಂಟರ್‌ಲ್ಯೂಕಿನ್-6 ಅನ್ನು ತಡೆಯುವುದಿಲ್ಲ. ಗರ್ಭದಲ್ಲಿ ಉರಿಯೂತ ಅತಿಯಾದರೆ ಅವಧಿಗೆ ಮುನ್ನ ಹೆರಿಗೆಯಾಗುವ ಅಪಾಯವಿರುವುದರಿಂದ, ಈ ಕಡಿವಾಣವನ್ನು ಕೊರತೆಯೆಂದು ಕರೆಯಲು ಅಂದಿನಿಂದ ನನಗೆ ಮನಸ್ಸಾಗಿಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ಸೋಂಕು ತಗುಲಿದರೆ ಅದೇ ಕಡಿವಾಣಕ್ಕೆ ಮಗು ಬೆಲೆ ತೆರಬೇಕಾಗುತ್ತದೆ ಎಂಬುದೂ ಅಷ್ಟೇ ನಿಜ.

ಸೋಂಕಿನ ಜಾಗಕ್ಕೆ ಮೊದಲು ಧಾವಿಸುವ ಬಿಳಿಕೋಶಗಳಾದ ನ್ಯೂಟ್ರೋಫಿಲ್‌ಗಳ ಕೆಲಸ ಬೇರೆಯೇ ಆಗಿದ್ದು, ಅವು ಸೋಂಕಿನ ಕಡೆಗೆ ಸಾಗುವ ವೇಗ ವಯಸ್ಕರದಕ್ಕಿಂತ ಕಡಿಮೆ, ಮಜ್ಜೆಯಲ್ಲಿ ಅವುಗಳ ದಾಸ್ತಾನೂ ಸಣ್ಣದು.

ನವಜಾತ ಶಿಶುಗಳಿಗೆ ಸೋಂಕು ತರುವ ಗುಂಪು-ಬಿ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾವನ್ನು ಕೊಂದು, ಅದನ್ನು ಕೊಟ್ಟು ಮೊನೊಸೈಟ್‌ಗಳು ಅದನ್ನು ನುಂಗುವುದನ್ನು ಅಳೆದಾಗಲೂ ಪ್ಲಾಸ್ಮಾದ ಮಾತೇ ಬಂದಿತು. ವಯಸ್ಕರ ಸೀರಮ್ ಜೊತೆಗಿದ್ದರೆ ಶಿಶುವಿನ ಮೊನೊಸೈಟ್‌ಗಳು ಹಿಂದೆ ಬೀಳಲಿಲ್ಲ. ಅವಧಿಗೆ ಮುನ್ನ ಹುಟ್ಟಿದ ಮಗುವಿನ ಪ್ಲಾಸ್ಮಾದಲ್ಲಿ ಮಾತ್ರ ನುಂಗುವಿಕೆ ಎದ್ದುಕಾಣುವಂತೆ ತಗ್ಗಿತು. ಬ್ಯಾಕ್ಟೀರಿಯಾಗಳಿಗೆ ಅಂಟಿ ನುಂಗಲು ನೆರವಾಗುವ ಕಾಂಪ್ಲಿಮೆಂಟ್ ಪ್ರೋಟೀನ್‌ಗಳು ಅಲ್ಲಿ ಕಡಿಮೆ, ತಾಯಿಯಿಂದ ಬರುವ ಐಜಿಜಿ ಎಂಬ ಪ್ರತಿಕಾಯ ಬಹುಪಾಲು ಗರ್ಭದ ಕೊನೆಯ ಮೂರು ತಿಂಗಳಲ್ಲಿ ದಾಟುವುದರಿಂದ ಅದೂ ಕಡಿಮೆ. ಆದ್ದರಿಂದ ಈಗ ಯಾವ ಮಾದರಿ ಬಂದರೂ, ರಕ್ತ ಗರಣೆಗಟ್ಟದಂತೆ ಹೆಪಾರಿನ್ ಬಳಸಿ, ಕೋಶಗಳಿಗೆ ಕೈಹಾಕುವ ಮೊದಲೇ ಅದರ ಪ್ಲಾಸ್ಮಾವನ್ನು ತೆಗೆದು ಪ್ರತ್ಯೇಕವಾಗಿ ಇಟ್ಟುಕೊಳ್ಳುತ್ತೇನೆ.